ಕೈಬದಲು ಹೋದ ನೀರಿನ ಪಾಳಿ

ಆ ಬೆಳಿಗ್ಗೆ ಇಡ್ಲಿಯನ್ನು ಎರಡು ಒಬ್ಬೆ ಬೇಯಿಸಬೇಕಾಯಿತು. ದೊಡ್ಡ ಇಡ್ಲಿ ಪಾತ್ರೆಯನ್ನು ಪಕ್ಕದ ಮನೆಯವರು ಯಾವುದೋ ಪೂಜೆಗೆಂದು ಇಸಿದುಕೊಂಡು ಹೋಗಿದ್ದರು. ಪೂಜೆ ಮುಗಿದು ಪ್ರಸಾದವೂ ನಮ್ಮ ಮನೆಗೆ ಬಂದಿತ್ತು, ಪಾತ್ರೆ ಮಾತ್ರ ಬಂದಿರಲಿಲ್ಲ. ಬಾಯಿಬಿಟ್ಟು ಕೇಳಲು ನನಗೆ ಸಂಕೋಚ. ಚಿಕ್ಕ ಪಾತ್ರೆಯಲ್ಲಿ ಮೊದಲನೇ ಒಬ್ಬೆ ತೆಗೆದು ಮಗನಿಗೆ ಹಾಕಿದೆ. ಗುಬ್ಬಿಯ ಕಾಲೇಜಿನಲ್ಲಿ ಪಾಠ ಹೇಳುವ ಅವನಿಗೆ ರೈಲು ಹಿಡಿಯುವ ಅವಸರ, ನಿಂತೇ ತಿಂದು ಹೊರಟ. ಎರಡನೆಯದು ನನಗೂ ಸೊಸೆಗೂ.

ಸೊಸೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಊಟದ ಮೇಜಿಗೆ ಕೂತಿದ್ದಳು. ಇಡ್ಲಿ ಮುರಿದಿದ್ದಳು, ಬಾಯಿಗೆ ಇಟ್ಟಿರಲಿಲ್ಲ. ಎಡಗೈ ಚಟ್ನಿ ಬಟ್ಟಲನ್ನು ಸುಮ್ಮನೆ ಸುತ್ತಿಸುತ್ತಿತ್ತು. ಅವಳು ಬಟ್ಟಲು ಸುತ್ತಿಸಲು ಶುರುಮಾಡಿದಳೆಂದರೆ ಆಫೀಸಿನಲ್ಲಿ ಏನೋ ಕೆಟ್ಟಿದೆ ಎಂದೇ ಲೆಕ್ಕ.

"ಕೆಂಪು ಬಂತಾ?" ಅಂದೆ.

"ಬಂತು ಅತ್ತೆ. ನಮ್ಮ ಟೀಮ್ ಲೀಡ್ ನಿನ್ನೆ ಸಂಜೆ ಕಳಿಸಿದ ಬದಲಾವಣೆಗೆ. ಈಗ ಚೆಕ್ ಆಫ್ ಮಾಡಿ ಅಂತಿದಾರೆ. ಇವತ್ತೊಂದಿನ ಮಾತ್ರ ಅಂತೆ."

ಅವಳ ಕೆಲಸ ಸತ್ಯಮಂಗಲದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಗೆ. ಕೆರೆ ತೂಬುಗಳಿಗೆ, ಕಾಲುವೆಗಳಿಗೆ ಮೋಟಾರಿನ ಗೇಟು ಮಾಡುವವರು. ಈಗ ಆ ಗೇಟುಗಳು ತಾವೇ ತೆರೆದು ತಾವೇ ಮುಚ್ಚುವಂತೆ ಮಾಡುತ್ತಿದ್ದಾರೆ. ಯಾವ ತೋಟಕ್ಕೆ ಯಾವ ಹೊತ್ತಿನ ನೀರು ಎಂಬ ಕರಾರನ್ನು ಕೋಡಿನಲ್ಲೇ ಬರೆದು, ಯಾರೂ ಆಮೇಲೆ ಕೈಯಾಡಿಸಲು ಬಾರದ ಹಾಗೆ ಬ್ಲಾಕ್‌ಚೈನ್ ಎಂಬ ಕಂಪ್ಯೂಟರ್ ಖಾತೆಗೆ ಏರಿಸಿಬಿಡುವುದು. ಅದಕ್ಕೆ ಸ್ಮಾರ್ಟ್ ಕಾಂಟ್ರಾಕ್ಟ್ ಎಂದು ಹೆಸರು. ಮುಖಂಡರ ಕಡೆಯವರಿಗೆ ಹೆಚ್ಚು ನೀರು ಬಿಟ್ಟರು ಎಂಬ ಮಾತೇ ಏಳಬಾರದು ಎನ್ನುವುದು ಉದ್ದೇಶ. ಒಳ್ಳೆಯದೇ. ಆದರೆ ತಪ್ಪು ಬರೆದಿದ್ದರೂ ಅದನ್ನು ತಿದ್ದಲು ಬಾರದು.

ಆದ್ದರಿಂದ ನನ್ನ ಸೊಸೆ ಒಂದು ಏರ್ಪಾಟು ಮಾಡಿದ್ದಳು. ತಂಡದಲ್ಲಿ ಯಾರೇ ಒಂದು ಸಾಲು ಬದಲಾಯಿಸಿ ಕಳಿಸಲಿ, ಯಾರೂ ಗುಂಡಿ ಒತ್ತದೆ ಅದರಷ್ಟಕ್ಕೆ ತಪಾಸಣೆ ಶುರುವಾಗುತ್ತದೆ. ಸರಿ ಇದ್ದರೆ ಹಸಿರು. ಇಲ್ಲದಿದ್ದರೆ ಕೆಂಪು, ಆ ಬದಲಾವಣೆ ಒಳಗೆ ಸೇರುವುದೇ ಇಲ್ಲ. ಇದನ್ನು ಕೇಳಿದಾಗ ನನಗೆ ನಮ್ಮ ಕಾನ್ವೆಂಟಿನ ಪ್ರಾರ್ಥನೆಯ ಸಾಲು ನೆನಪಾಗಿತ್ತು. ದಿನಾ ಬೆಳಿಗ್ಗೆ ಸಿಸ್ಟರ್ ಒಬ್ಬರು ಎಲ್ಲರ ಉಗುರು ನೋಡುತ್ತಿದ್ದರು. ನಿನ್ನೆ ತಾನೇ ಕತ್ತರಿಸಿದ್ದೆ ಸಿಸ್ಟರ್ ಅಂದರೂ ಕೈ ಚಾಚಲೇಬೇಕು. ಫಸ್ಟ್ ರ‍್ಯಾಂಕ್ ಹುಡುಗಿಯೂ ಚಾಚಬೇಕು.

ಈ ತಪಾಸಣೆ ಬರೀ ಪರೀಕ್ಷೆಯಲ್ಲ, ರುಜುವಾತು ಎಂದೂ ಅವಳು ಬಿಡಿಸಿ ಹೇಳಿದ್ದಳು. ಅದೂ ನನಗೆ ಕಾನ್ವೆಂಟಿನಿಂದಲೇ ಅರ್ಥವಾಯಿತು. ಗಣಿತದ ಸಿಸ್ಟರ್ ಬೋರ್ಡಿನ ಮೇಲೆ ಒಂದು ತ್ರಿಕೋನ ಬರೆದು, ಯಾವುದನ್ನೂ ಅಳೆಯದೆ, ಲೋಕದಲ್ಲಿರುವ ಅಷ್ಟೂ ತ್ರಿಕೋನಗಳ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತಿದ್ದರು. ಇದೂ ಹಾಗೆಯೇ. ಹತ್ತಾರು ಸಲ ಮಾಡಿ ನೋಡಿದೆವು, ಸರಿಯಾಗಿದೆ ಅನ್ನುವುದಲ್ಲ. ಜನ ಹೇಗೆ ಹೇಗೆ ನಡೆದುಕೊಂಡರೂ ಈ ನಿಯಮ ಮುರಿಯದು ಎಂದು ತೋರಿಸಬೇಕು. ಮುರಿಯುವುದಾದರೆ, ಹೇಗೆ ಮುರಿಯುತ್ತದೆ ಎಂಬ ಒಂದು ಉದಾಹರಣೆಯನ್ನು ಯಂತ್ರವೇ ಕೊಡುತ್ತದೆ.

"ಒಂದಿನ ಆಫ್ ಮಾಡಿದ್ರೆ ಏನಾಗುತ್ತೆ?" ಅಂದೆ.

"ಇವತ್ತು ಸಂಜೆನೇ ಚೈನಿಗೆ ಏರಿಸೋದು ಅತ್ತೆ. ನಾಳೆ ತೂಬು ಎತ್ತುತಾರೆ. ಒಂದ್ಸಲ ಆಫ್ ಮಾಡ್ದೆ ಅಂದ್ರೆ, ಅರ್ಜೆಂಟ್ ಬಂದಾಗಲೆಲ್ಲ ಆಫ್ ಮಾಡು ಅಂತಾರೆ. ಆಮೇಲೆ ಅದು ಇದ್ದೂ ಇಲ್ಲದ ಹಾಗೆ. ಇಷ್ಟು ದಿನ ನಾನು ಮಾಡಿದ್ದು ಅದೊಂದೇ ಕೆಲಸ." ಬಟ್ಟಲು ಇನ್ನೊಂದು ಸುತ್ತು ಸುತ್ತಿತು. "ಮೀಟಿಂಗಲ್ಲಿ ಮಾಲೀಕರು ಏನಂತಾರೋ ಅದು."

"ಯಾವ ಕೆರೆ?"

"ನಿಮ್ಮದೇ. ಕಡಬದ ಕೆರೆ."

ನಾನು ಸೌಟು ಕೆಳಗಿಟ್ಟೆ. ಕಡಬ ನನ್ನ ತವರು. ಅಣ್ಣನ ತೆಂಗಿನ ತೋಟ ಆ ಕೆರೆಯ ಕಾಲುವೆಗೇ ಅಂಟಿಕೊಂಡಿದೆ.

ಅವಳು ಯಂತ್ರ ಕೊಟ್ಟ ಉದಾಹರಣೆಯನ್ನು ತೋರಿಸಿದಳು. ಪರದೆಯ ಮೇಲಿನ ಅಕ್ಷರ ನನಗೇನೂ ತಿಳಿಯದು. ಅದಕ್ಕೇ ಮೇಜಿನ ಮೇಲಿದ್ದ ಮೂರು ಸ್ಟೀಲ್ ಲೋಟ ಸಾಲಾಗಿ ಇಟ್ಟಳು.

"ಇವರು ಮೊದಲನೇ ತೋಟದವರು. ತಮ್ಮ ನೀರಿನ ಪಾಳಿನ ಎರಡನೇ ತೋಟದವರಿಗೆ ಕೈಬದಲು ಕೊಡ್ತಾರೆ. ಯಾರಿಂದ ಬಂತು ಅನ್ನೋದನ್ನ ಕಾಂಟ್ರಾಕ್ಟ್ ಬರ್ಕೊಳುತ್ತೆ. ಈಗ ಎರಡನೆಯವರು ಅದೇ ಪಾಳಿನ ಮೂರನೆಯವರಿಗೆ ಕೈಬದಲು ಕೊಟ್ರು ಅನ್ಕೊಳ್ಳಿ. ಲೀಡ್ ಬರೆದಿರೋ ಪ್ರಕಾರ ಮೊದಲಿನ ಹೆಸರು ಅಳಿಸಿ, ಅದೇ ಜಾಗದಲ್ಲಿ ಎರಡನೆಯವರ ಹೆಸರು ಬರುತ್ತೆ. ಮೂರನೆಯವರು ವಾಪಸ್ ಕೊಟ್ರೆ ಪಾಳಿ ಎರಡನೆಯವರ ಹತ್ರ ಬಂದು ನಿಂತುಬಿಡುತ್ತೆ. ಮೊದಲನೆಯವರ ತೋಟಕ್ಕೆ ಗೇಟು ಇನ್ಯಾವತ್ತೂ ತೆರೆಯೋದೇ ಇಲ್ಲ."

ಮೊದಲನೇ ಲೋಟವನ್ನು ಅವಳು ಬೋರಲು ಹಾಕಿದಳು.

"ಅವರು ಹೇಳೋದು, ಇಸ್ಕೊಂಡಿದ್ದನ್ನ ಯಾರಾದ್ರೂ ಇನ್ನೊಬ್ರಿಗೆ ಕೊಡ್ತಾರಾ, ಇದೆಲ್ಲ ಮೆಷಿನ್ನಿನ ಕಲ್ಪನೆ ಅಂತ. ನನಗೂ ಅದಕ್ಕೆ ಉತ್ತರ ಗೊತ್ತಿಲ್ಲ. ನೀರಿನ ಪಾಳಿ ನಾನು ಕಂಡವಳಲ್ಲ."

ನನಗೆ ಗೊತ್ತಿತ್ತು ಅನ್ನಿಸಿತು. ಅರ್ಧ ಗೊತ್ತಿದ್ದುದನ್ನು ಹೇಳಬಾರದೆಂದು ಅತ್ತಿಗೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಅಣ್ಣನ ಹೆಂಡತಿ, ತೋಟದ ವಿಚಾರದಲ್ಲಿ ಅಣ್ಣನಿಗಿಂತ ಅವಳೇ ಗಟ್ಟಿ.

"ಇದೇನ್ಲೇ ಬೆಳಬೆಳಿಗ್ಗೆ," ಅಂದಳು ಅತ್ತಿಗೆ. ಹಿಂದೆ ಗರಿ ಎಳೆಯುವ ಸದ್ದು. ಪಾಳಿಯ ವಿಷಯ ಕೇಳಿದೆ.

"ಅಯ್ಯೋ, ಅದೇನ್ ಹೊಸದಾ? ಅತ್ತೆ ತೀರ್ಕೊಂಡಾಗ ಸೂತಕ ಅಂತ ನಮ್ ಪಾಳಿನ ಪಕ್ಕದ ತೋಟದೋರ್ಗೆ ಬುಟ್ಟಿರ್ಲಿಲ್ವಾ? ಅವ್ರಿಗೆ ಮಗಳ ಮದ್ವೆ ಬಂತು, ಮದ್ವೆಮನೇಲಿ ನೀರು ಕಟ್ಟೋರ್ ಯಾರು? ಅವ್ರು ಆಚೆ ತೋಟದೋರ್ಗೆ ಕೊಟ್ರು. ಹಂಗೇ ಹೋಯ್ತದೆ ಕಣೇ. ಯಾರಾದ್ರೂ ಪಾಳಿನ ದಂಡ ಮಾಡ್ತಾರಾ?"

"ಆಮೇಲೆ ನಿಮಗೆ ಹೇಗೆ ವಾಪಸ್ ಬಂತು?"

"ನೀರುಗಂಟಿ ಅಯ್ಯ ಇದ್ನಲ್ಲ, ತೂಬು ಎತ್ತೋನು. ಅವ್ನು ತಲೇಲಿ ಇಟ್ಕೊಂಡಿದ್ದ. ಇದು ಅವ್ರುದ್ದಲ್ಲ, ಇವ್ರುದ್ದಲ್ಲ, ಕೊನೇ ಮನೆಯೋರ್ದು ಅಂತ ನಮ್ಗೇ ತಂದು ಬುಟ್ಟ. ಈಗ ಅವ್ನಿಲ್ಲ ಬುಡು. ಈಗ ಮಿಷನ್ ಬತ್ತದಂತಲ್ಲ, ಅದು ನೆಪ್ಪಿಟ್ಕೊಂಡ್ರೆ ಸರಿ."

ಸೊಸೆ ನನ್ನ ಮುಖ ನೋಡಿದಳು. ಆಮೇಲೆ ಇಡ್ಲಿ ತಿಂದಳು. ಆರಿ ಹೋಗಿದ್ದರೂ ನಾಲ್ಕನ್ನೂ ತಿಂದಳು.

ಮೀಟಿಂಗು ಅದೇ ಮೇಜಿನ ಮೇಲೆ ನಡೆಯಿತು. ಕ್ಯಾಮೆರಾಗೆ ಕಾಣದ ಹಾಗೆ ಮೇಜಿನ ಆ ತುದಿಯಲ್ಲಿ ಕೂತು ನಾನು ಅವರೆಕಾಯಿ ಸುಲಿಯುತ್ತಿದ್ದೆ. ಪರದೆಯಲ್ಲಿ ಇಬ್ಬರು. ಕಿವಿಗೆ ಹೆಡ್‌ಫೋನ್ ಹಾಕಿದ ಲೀಡ್, ಮತ್ತು ಕಾರ್ಖಾನೆಯ ಮಾಲೀಕರು. ಮಾಲೀಕರ ಹಿಂದೆ ಯಾರೋ ಕಬ್ಬಿಣ ಕುಯ್ಯುವ ಸದ್ದು ಬಂದು ಬಂದು ನಿಲ್ಲುತ್ತಿತ್ತು.

"ಸಾರ್, ಈ ಚೆಕ್ಕಿಗೆ ಅನುಮಾನದ ಕಾಯಿಲೆ," ಅಂದರು ಲೀಡ್. "ಊರಲ್ಲಿ ಯಾರೂ ಮಾಡದೇ ಇರೋದನ್ನ ಹುಡುಕಿ ತರುತ್ತೆ. ಸಣ್ಣ ಬದಲಾವಣೆಗೂ ಕಾಯ್ತಾ ಕೂರಬೇಕು. ಇದರ ಪ್ರಕಾರ ಹೋದ್ರೆ ಕೆರೆ ಬತ್ತಿದ ಮೇಲೆ ಗೇಟು ತೆರೆಯುತ್ತೆ."

ಮಾಲೀಕರು ನಕ್ಕರು. ಸೊಸೆ ನಗಲಿಲ್ಲ, ಸಿಟ್ಟೂ ಆಗಲಿಲ್ಲ. "ಯಾರೂ ಮಾಡಲ್ಲ ಅನ್ನೋದಕ್ಕೆ ಒಂದು ಮಾತು ಹೇಳಬೇಕು ಸಾರ್. ನಮ್ಮ ಅತ್ತೆಯ ತವರು ಕಡಬ. ಅತ್ತೆ, ಒಂದ್ನಿಮಿಷ ಈ ಕಡೆ ಬರ್ತೀರಾ?"

ಅವರೆಕಾಯಿಯ ಸೊಗಡು ಹತ್ತಿದ ಕೈಯನ್ನು ಸೆರಗಿನ ಮರೆಗೆ ಇಟ್ಟುಕೊಂಡು ಹೋಗಿ ಕೂತೆ. ಮನೆಯವರಲ್ಲದವರ ಮುಂದೆ ನನ್ನ ದನಿ ಸಣ್ಣದಾಗುತ್ತದೆ. ಸ್ವಲ್ಪ ಜೋರಾಗಿ ಹೇಳಿ ಅಂದರು ಮಾಲೀಕರು. ಸೂತಕ, ಮದುವೆ, ಆಚೆ ತೋಟ, ನೀರುಗಂಟಿ, ಎಲ್ಲವನ್ನೂ ಹೇಳಿದೆ. ಕೊನೆಗೆ, "ಇಸಿದುಕೊಂಡಿದ್ದನ್ನು ಇನ್ನೊಬ್ಬರಿಗೆ ಕೊಡುವುದು ನಮ್ಮಲ್ಲಿ ತಪ್ಪಲ್ಲ. ನೀರು ಸುಮ್ಮನೆ ಹರಿದು ಹೋಗಲು ಬಿಡುವುದೇ ತಪ್ಪು," ಅಂದೆ.

ಕಬ್ಬಿಣದ ಸದ್ದು ನಿಂತಿತ್ತು. ಮಾಲೀಕರು ಕನ್ನಡಕ ತೆಗೆದು ಒರೆಸಿಕೊಂಡರು.

"ನಮ್ಮ ಹುಲಿಯೂರುದುರ್ಗದಲ್ಲೂ ಇದೇ ಕಣಮ್ಮ," ಅಂದರು. "ನಮ್ಮಪ್ಪನ ಪಾಳಿ ಊರೆಲ್ಲ ಸುತ್ತಿಕೊಂಡು ಬರೋದು. ನೋಡ್ರಿ, ಮರೆತೇಬಿಟ್ಟಿದ್ದೆ ನಾನು."

ಲೀಡ್ ಹೆಡ್‌ಫೋನ್ ಸರಿಮಾಡಿಕೊಂಡರು. "ಹಂಗಾದ್ರೆ ಇಸ್ಕೊಂಡಿದ್ದನ್ನ ಕೊಡೋ ಹಾಗೇ ಇಲ್ಲ ಅಂತ ನಿಯಮ ಹಾಕಿಬಿಡೋಣ. ಸುಲಭ."

"ಹಾಕಿದ್ರೆ ಮೆಷಿನ್ನಿಗೆ ಹೇಳದೇ ಕೊಡ್ತಾರೆ ಸಾರ್," ಅಂದಳು ಸೊಸೆ. "ಕೊಟ್ಟವರ ಹೆಸರು ಒಂದೇ ಇಟ್ಕೊಳ್ಳೋ ಬದಲು, ಯಾರಿಂದ ಯಾರಿಗೆ ಅನ್ನೋದನ್ನ ಸಾಲಾಗಿ ಇಟ್ಕೊಳ್ಳೋಣ. ವಾಪಸ್ ಬರುವಾಗ ಅದೇ ದಾರೀಲಿ ಒಂದೊಂದೇ ಹೆಜ್ಜೆ ಬರುತ್ತೆ. ಇವತ್ತೇ ಮುಗಿಸ್ತೀನಿ. ಆದ್ರೆ ಚೆಕ್ ಆಫ್ ಆಗಲ್ಲ."

"ಆಗೋದು ಬೇಡ," ಅಂದರು ಮಾಲೀಕರು. "ಹಸಿರು ಬಂದ್ರೆ ಏರಿಸಿ. ಬರಲಿಲ್ಲ ಅಂದ್ರೆ ನಾಳೆ ನಮ್ಮ ಹುಡುಗರನ್ನ ಕಳಿಸಿ ಗೇಟನ್ನ ಕೈಯಲ್ಲೇ ತಿರುಗಿಸೋಣ. ಇನ್ಮೇಲೆ ಎಲ್ಲ ಕೆರೆಗೂ ಇದೇ ಪದ್ಧತಿ."

ಆಮೇಲಿನ ಮಧ್ಯಾಹ್ನ ಮನೆ ಬಹಳ ನಿಶ್ಶಬ್ದ. ನಾನು ಹಿದುಕಿದ ಬೇಳೆ ಮಾಡೋಣವೆಂದು ಕಾಳು ನೆನೆಹಾಕಿದೆ. ಅವಳು ಬರೆದಳು, ಕಳಿಸಿದಳು. ಇಬ್ಬರೂ ಪರದೆಯ ಮುಂದೆ ಕೂತೆವು. ತಪಾಸಣೆ ನಡೆಯುತ್ತಿದೆ ಎನ್ನುವ ಹಳದಿ ಚುಕ್ಕಿ ಸುತ್ತುತ್ತಲೇ ಇತ್ತು. ಬಂದದ್ದು ಕೆಂಪು.

ನಾನು ಪರದೆಯಿಂದ ಮುಖ ತಿರುಗಿಸಿದೆ. ಅವಳು ಮಾತ್ರ ಮುಂದಕ್ಕೆ ಬಾಗಿ ಓದಿ, "ಅರೆ, ಇದು ಚೆನ್ನಾಗಿದೆ," ಅಂದಳು. ಮೂರನೆಯವರು ಇನ್ನೂ ವಾಪಸ್ ಕೊಡುವ ಮೊದಲೇ ನಡುವಿನವರು ತಾವು ಕೊಟ್ಟಾಯಿತು ಎಂದು ಹೇಳಿಬಿಟ್ಟರೆ, ಒಂದೇ ಪಾಳಿ ಎರಡು ತೋಟದಲ್ಲಿ ಕಾಣಿಸುತ್ತದಂತೆ. ನನಗೆ ಅದೂ ಹೊಸದಾಗಿ ಕಾಣಲಿಲ್ಲ. ಕೊಟ್ಟೆ ಕೊಟ್ಟೆ ಅನ್ನುತ್ತಾ ಕೊಡದೇ ಇರುವವರನ್ನು ಯಾರು ಕಂಡಿಲ್ಲ? ಅವಳು ನಗುತ್ತಾ ಮತ್ತೆರಡು ಸಾಲು ಬರೆದಳು. ಕೈಯಲ್ಲಿ ಇಲ್ಲದ ಪಾಳಿಯನ್ನು ವಾಪಸ್ ಕೊಡಲು ಬಾರದು, ಅಷ್ಟೇ.

ಮತ್ತೆ ಹಳದಿ ಚುಕ್ಕಿ. ನಾನು ಮೇಲಿಂದ ಮೇಲೆ ನೋಡಬಾರದೆಂದು ಕಾಳು ಹಿದುಕುತ್ತಾ ಕೂತೆ. ಬೆರಳ ನಡುವೆ ಕಾಳು ಸಿಪ್ಪೆಯಿಂದ ಜಾರಿ ಬಟ್ಟಲಿಗೆ ಬೀಳುವ ಸದ್ದು ಮಾತ್ರ. ಬಟ್ಟಲು ತುಂಬುವ ಹೊತ್ತಿಗೆ ಅವಳು ನನ್ನ ಭುಜ ಹಿಡಿದುಕೊಂಡಳು. ಹಸಿರು. ಒಂದರ ಕೆಳಗೊಂದು, ಎಲ್ಲ ನಿಯಮಗಳ ಎದುರಿಗೂ ಹಸಿರು ಗುರುತು. ಯಾರು ಯಾರಿಗೆ ಎಷ್ಟು ಸಲ ಕೈಬದಲು ಕೊಟ್ಟರೂ ಕೊಟ್ಟವರ ನೀರು ಕೊಟ್ಟವರಿಗೇ ಎಂದು ಯಂತ್ರ ಒಪ್ಪಿಕೊಂಡಿತ್ತು. ಕಡಬಕ್ಕೆ ಮಾತ್ರವಲ್ಲ, ಬೋರ್ಡಿನ ಮೇಲಿನ ತ್ರಿಕೋನದ ಹಾಗೆ, ಎಲ್ಲ ಕೆರೆಗೂ.

ಅವಳು ಬೋರಲಾಗಿದ್ದ ಲೋಟವನ್ನು ನೆಟ್ಟಗೆ ಇಟ್ಟು, ಅದಕ್ಕೆ ನೀರು ಹಾಕಿಕೊಂಡು ಕುಡಿದಳು. ಬೆಳಗಿನಿಂದ ಆ ಲೋಟವನ್ನು ಯಾರೂ ಮುಟ್ಟಿರಲಿಲ್ಲ.

ಬಿಸಿಲು ಇಳಿಯುವಷ್ಟರಲ್ಲಿ ಕರಾರು ಚೈನಿಗೆ ಏರಿತು. ಲೀಡ್ ತಾವೇ ಫೋನ್ ಮಾಡಿದರು. "ನನ್ನ ಇನ್ನೊಂದು ಪ್ರಾಜೆಕ್ಟಿಗೂ ನಿಮ್ಮ ಅನುಮಾನದ ಕಾಯಿಲೆ ಅಂಟಿಸಿಕೊಡಿ," ಅಂದರಂತೆ. ಮನೆಯಲ್ಲಿ ಹಿದುಕಿದ ಬೇಳೆ ಎಂದು ಇವಳು ಹೇಳಿದ್ದಕ್ಕೆ, "ಅದರ ವಾಸನೆ ಇಲ್ಲೀವರೆಗೂ ಬರ್ತಿದೆ ಅಂತ ನಿಮ್ಮ ಅತ್ತೆಗೆ ಹೇಳಿ," ಅಂದರಂತೆ. ಅವಳು ಫೋನಿಟ್ಟು ಅಡುಗೆಮನೆಗೆ ಬಂದು, ಚಿಕ್ಕ ಹುಡುಗಿಯ ಹಾಗೆ ಕಟ್ಟೆಯ ಮೇಲೆ ಹತ್ತಿ ಕೂತಳು. ಅಲ್ಲಿ ಕೂರಬೇಡ ಅನ್ನುವುದು ನನ್ನ ಅಭ್ಯಾಸ. ಅವತ್ತು ಅನ್ನಲಿಲ್ಲ. ಸಾರಿಗೆ ಒಗ್ಗರಣೆ ಹಾಕಿ, ಮೊದಲ ಬಟ್ಟಲನ್ನು ಅವಳ ಕೈಗೇ ಕೊಟ್ಟೆ. ಅವಳು ಬಟ್ಟಲು ಸುತ್ತಿಸಲಿಲ್ಲ, ಕುಡಿದು ಮುಗಿಸಿದಳು.

ದೀಪ ಹಚ್ಚಿ ಹೊರಗೆ ಬಂದಾಗ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಕೈ ಚಾಚಿ ನಮ್ಮ ಕರಿಬೇವು ಕೀಳುತ್ತಿದ್ದರು.

"ಏನ್ರೀ, ಅತ್ತೆ ಸೊಸೆ ಇಬ್ಬರ ಮುಖಾನೂ ಬೆಳಗ್ತಾ ಇದೆ," ಅಂದರು. ಸೊಸೆಯ ಕೆಲಸ ಚೆನ್ನಾಗಾಯಿತು ಅಂದೆ. ಒಳ್ಳೆಯದಾಯಿತು ಅಂದು ಅವರು ಇನ್ನೊಂದು ಕಡ್ಡಿ ಮುರಿದುಕೊಂಡರು.

"ಹಾಂ, ನಿಮ್ಮ ಇಡ್ಲಿ ಪಾತ್ರೆ. ಅದನ್ನ ನಮ್ಮ ನಾದಿನಿ ಕುಣಿಗಲ್ಲಿಗೆ ತಗೊಂಡೋದ್ಲು. ಅವಳ ಹತ್ರ ಎದುರುಮನೆಯೋರು ಗೃಹಪ್ರವೇಶಕ್ಕೆ ಅಂತ ಇಸ್ಕೊಂಡಿದಾರಂತೆ. ಅವ್ರು ಯಾರಿಗೆ ಕೊಟ್ಟಿದಾರೋ ನಂಗೊತ್ತಿಲ್ಲಪ್ಪ. ಎಲ್ಲೋಗುತ್ತೆ ಬಿಡಿ, ಬರುತ್ತೆ."