ಟೀಚರಮ್ಮ ಮಾಡಿದ ಕೊಲೆಗಳು

ಹೋದ ವಾರ ತುಮಕೂರಿನ ಲೈಬ್ರರಿಯೊಂದರಲ್ಲಿ ಹಳೆಯ ಬೀರು ತೆಗೆದರು. ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಎರಡು ಪುಸ್ತಕ ಹಿಡಿದು ನಾನು ಕೂತಿದ್ದ ಮೇಜಿನ ಹತ್ತಿರ ಬಂದಳು. ಒಂದರ ಮುಖಪುಟದಲ್ಲಿ ಇಂಜೆಕ್ಷನ್ ಸೂಜಿ, ಅದರ ತುದಿಯಲ್ಲೊಂದು ರಕ್ತದ ಹನಿ. ಇನ್ನೊಂದರಲ್ಲಿ ಕನ್ನಡಕ ಹಾಕಿಕೊಂಡು ನಗುತ್ತಿರುವ ಒಬ್ಬ ಮನುಷ್ಯ.

"ಸರ್, ಸರ್ವಮಂಗಳಾ ಅಂತ ಇಬ್ರು ರೈಟರ್ ಇದಾರಾ? ಒಬ್ರು ಬರೀ ಕೊಲೆ, ಇನ್ನೊಬ್ರು ಬರೀ ಒಳ್ಳೆಯವ್ರ ಜೀವನಚರಿತ್ರೆ. ಯಾವ್ದನ್ನ ಎಲ್ಲಿಡ್ಲಿ?"

"ಒಬ್ರೇ ಕಣಮ್ಮ," ಅಂದೆ. ಅವಳು ನಂಬಲಿಲ್ಲ, ಅವಳ ತಪ್ಪೂ ಇಲ್ಲ. ಆ ಸೂಜಿಗೂ ಆ ನಗುವಿಗೂ ನಡುವೆ ನಾನೊಬ್ಬ ಇದ್ದೇನೆ ಎಂಬುದನ್ನು ಆ ದಿನದವರೆಗೆ ಯಾರಿಗೂ ಹೇಳಿರಲಿಲ್ಲ. ಹತ್ತಿರ ಬಂದು ಕೂತುಕೊಳ್ಳಿ, ನಿಮಗೆ ಹೇಳುತ್ತೇನೆ.

ಸರ್ವಮಂಗಳಾ ಟೀಚರು ಗುಬ್ಬಿಯಲ್ಲಿ ನಮ್ಮ ಬೀದಿಯವರು. ವಾರವೆಲ್ಲ ಪ್ರೈಮರಿ ಸ್ಕೂಲಿನಲ್ಲಿ ಮಗ್ಗಿ ಹೇಳಿಕೊಡುತ್ತಿದ್ದರು, ಭಾನುವಾರ ಕೊಲೆ ಮಾಡುತ್ತಿದ್ದರು. ಅವರ ಪತ್ತೇದಾರಿ ಕಾದಂಬರಿಗಳಲ್ಲಿ ಲಂಡನ್ನೂ ಇಲ್ಲ, ಬೊಂಬಾಯಿಯೂ ಇಲ್ಲ. ಹೆಣ ಸಿಕ್ಕುತ್ತಿದ್ದುದು ಕೊಬ್ಬರಿ ಅಟ್ಟದ ಮೇಲೆ, ಸುಳಿವು ಸಿಕ್ಕುತ್ತಿದ್ದುದು ಪ್ರೈವೇಟ್ ಬಸ್ಸಿನ ಟಿಕೆಟ್ಟಿನಲ್ಲಿ. ಸಂತೆಯಲ್ಲಿ ಹೆಂಗಸರು ಬಿಡುತ್ತಿರಲಿಲ್ಲ: "ಟೀಚರಮ್ಮ, ಈ ಸಲ ಯಾರ್ನ ಮುಗಿಸ್ತೀರಿ? ನಮ್ಮತ್ತೇನ ಒಸಿ ಗ್ಯಾಪಕ ಮಡೀಕಳಿ!"

"ನಿಮ್ಮತ್ತೆ ಗಟ್ಟಿ ಕಣೇ. ಒಂದು ಕಾದಂಬರೀಲಿ ಸಾಯೋರಲ್ಲ."

ನಾನು ಆಗ ತುಮಕೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದ ಪಡ್ಡೆ ಹುಡುಗ. ಅವರ ಪುಸ್ತಕ ಅಲ್ಲೇ ಅಚ್ಚಾಗುತ್ತಿತ್ತು. ಆದ್ದರಿಂದ ಸಂಜೆ ಅವರ ಮನೆಯ ಜಗಲಿಯಲ್ಲಿ ಕೂತು ಹರಟುವ ಹಕ್ಕು ನನಗಿದೆ ಎಂದು ತಿಳಿದಿದ್ದೆ. "ಈ ಮುಂಡೇದರ ಬಾಯಿಗೆ ಅಗುಳಿ ಹಾಕೋದನ್ನ ದೇವರು ಮರೆತ" ಎನ್ನುತ್ತಿದ್ದಳು ನಮ್ಮಜ್ಜಿ. ನಾಲ್ಕು ಮಾತು ಕಲಿತದ್ದು ಅವಳಿಂದಲೇ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ಕಲಿಯಲಿಲ್ಲ.

ಒಂದು ಸಲ ಅಮೃತೂರಿನ ಅಕ್ಕನ ಮನೆಗೆ ಹೋದವನಿಗೆ ಜ್ವರ ಬಂತು. ಅಲ್ಲಿನ ಡಾಕ್ಟರ ಷಾಪಿನಲ್ಲಿ ಸೂಜಿ ಹಾಕುತ್ತಿದ್ದವರು ಕಾಂಪೌಂಡರ್ ನರಸಯ್ಯ. ಅವರದೊಂದು ಪದ್ಧತಿ. ಹತ್ತಿಯಲ್ಲಿ ತೋಳು ಒರೆಸುತ್ತ, "ಇವತ್ತು ಮನೇಲಿ ಏನ್ ಸಾರು?" ಎನ್ನುವರು. ನಾವು "ಹುರುಳಿಕಾಳು ಬಸ್..." ಎನ್ನುವಷ್ಟರಲ್ಲಿ ಸೂಜಿ ಒಳಹೋಗಿ ಹೊರಬಂದಾಗಿರುತ್ತಿತ್ತು. ಮಕ್ಕಳಿಗೂ ಅದೇ ಪ್ರಶ್ನೆ, ಮುದುಕರಿಗೂ ಅದೇ. ಗುಬ್ಬಿಗೆ ಬಂದವನು ಇದನ್ನು ಟೀಚರ ಜಗಲಿಯಲ್ಲಿ ಅಭಿನಯ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಟೀಚರು ಮಾತ್ರ ನಗದೆ, "ಇನ್ನೊಂದ್ಸಲ ಹೇಳು" ಎಂದರು.

'ಅಮರಾಪುರದ ಸೂಜಿ' ಬಂದದ್ದು ಹೀಗೆ. ಅದರಲ್ಲಿ ಒಬ್ಬ ಕಾಂಪೌಂಡರ್ ಐದು ಜನರನ್ನು ವಿಷದ ಸೂಜಿ ಚುಚ್ಚಿ ಕೊಲ್ಲುತ್ತಾನೆ. ಪ್ರತಿ ಸಲವೂ ಕೇಳುವುದು, ಇವತ್ತು ಮನೇಲಿ ಏನ್ ಸಾರು? ಪ್ರೂಫ್ ತಿದ್ದುವಾಗ ನನಗೆ ಎಚ್ಚರವಾಗಬೇಕಿತ್ತು. ಆಗಲಿಲ್ಲ. ನನ್ನ ಮಾತು ಅಚ್ಚಾಯಿತೆಂದು ಉಬ್ಬಿ, ಒತ್ತು ದೀರ್ಘಗಳನ್ನು ಮತ್ತಷ್ಟು ಶ್ರದ್ಧೆಯಿಂದ ತಿದ್ದಿದೆ.

ಅಮರಾಪುರವೆಂದರೆ ಯಾವ ಊರು ಎಂದು ಅಮೃತೂರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಮೊದಲು ತಮಾಷೆ. ನರಸಯ್ಯ ಬಾಯಿ ತೆರೆದರೆ ಸಾಕು, "ಅಯ್ಯಯ್ಯೋ, ನಂಗ್ ಸೂಜಿ ಬ್ಯಾಡ, ಮಾತ್ರೆ ಸಾಕು!" ಎಂದು ಜನ ಎದ್ದು ಓಡುವರು. ಆಮೇಲೆ ತಾಯಂದಿರು ನಿಜವಾಗಿಯೂ ಮಕ್ಕಳನ್ನು ಕರೆತರುವುದು ಬಿಟ್ಟರು. ಕೊನೆಗೆ ಡಾಕ್ಟರು, "ನಾಕು ದಿನ ಮನೇಲಿರು ನರಸಯ್ಯ" ಎಂದರು. ನಾಲ್ಕು ದಿನ ಎರಡು ತಿಂಗಳಾಯಿತು. ಇದನ್ನೆಲ್ಲ ಬರೆದ ಅಕ್ಕನ ಕಾಗದ ಬಂತು, ಟೀಚರಿಗೆ ತೋರಿಸಿದೆ. ಓದಿದ ಟೀಚರು ಸ್ಕೂಲಿಗೆ ರಜ ಬರೆದು ಕೊಟ್ಟು, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು.

ಬಸ್ಸು ಕುಣಿಗಲ್ ದಾಟಿತು. ಆಮೇಲೆ ನಾನೇ, "ಟೀಚರೇ, ನಿಮಗೆ ಹೇಳ್ದೋನು ನಾನು ಅಂತ ಒಪ್ಕೊಂಡ್ಬಿಡ್ತೀನಿ" ಅಂದೆ.

"ನೀನು ಹೇಳಿದ್ದು ನಗೋಕೆ. ಕೊಲೆ ಮಾಡ್ಸಿದ್ದು ನಾನು. ಬಾಯ್ ಮುಚ್ಕೊಂಡ್ ಕೂತ್ಕೋ."

ಹುಟ್ಟಿದಾಗಿನಿಂದ ಬಾಯಿ ಮುಚ್ಚದವನು ಅವತ್ತು ಮುಚ್ಚಿದೆ. ಮುಚ್ಚಬಾರದ ದಿನವನ್ನೇ ಆರಿಸಿಕೊಂಡೆ.

ನರಸಯ್ಯ ಜಗಳವಾಡಲಿಲ್ಲ. "ಇಪ್ಪತ್ ವರ್ಸ ಸೂಜಿ ಹಾಕಿವ್ನಿ ಟೀಚರಮ್ಮ, ಒಂದ್ ಮಗೀನ ಅಳ್ಸಿಲ್ಲ. ನೀವು ಒಂದೇ ಪುಸ್ತಕ್ದಲ್ಲಿ ಐದ್ ಜನುನ್ನ ಸಾಯಿಸ್ಬುಟ್ರಿ. ಅದೂ ನನ್ ಕೈಲಿ."

ಟೀಚರು ಕ್ಷಮಿಸಿ ಎನ್ನುತ್ತಾರೆ ಎಂದು ನಾನು ಕಾದೆ. ಅವರು ಚೀಲದಿಂದ ನೋಟ್‌ಬುಕ್ಕು ತೆಗೆದರು. "ಸಾರಿನ ಮಾತು ಯಾಕೆ ಶುರು ಮಾಡಿದ್ರಿ? ಬರಿಯೋಕೆ ಮುಂಚೆ ಕೇಳ್ಬೇಕಿತ್ತು. ಈಗ ಕೇಳ್ತಿದೀನಿ."

ನರಸಯ್ಯ ಅಂಗಳದ ಕಡೆ ತಿರುಗಿ ಹೇಳಿದರು. ಅವರಿಗೊಬ್ಬ ತಮ್ಮನಿದ್ದನಂತೆ. ತುಕ್ಕು ಹಿಡಿದ ಕುಡುಗೋಲು ಕಾಲಿಗೆ ತಗುಲಿತ್ತು. ಸೂಜಿಗೆ ಹೆದರಿ ಹುಲ್ಲಿನ ಬಣವೆಯ ಸಂದಿಯಲ್ಲಿ ಅವಿತುಕೊಂಡ. ಆಮೇಲೆ ಧನುರ್ವಾಯು ಬಂತು, ಉಳಿಯಲಿಲ್ಲ. "ಎದ್ರುಕೆ ಮರೆಯಂಗೆ ಏನಾರ ಮಾತಾಡ್ಸಿದ್ರೆ ಉಳೀತಿದ್ನೇನೋ," ಎಂದರು. ಟೀಚರು ಬರೆದುಕೊಳ್ಳುವುದನ್ನು ನಿಲ್ಲಿಸಿದ್ದರು.

ವಾಪಸು ಬಸ್ಸಿನಲ್ಲಿ, "ಕೊಲೆಗಾರ ಯಾಕೆ ಕೊಂದ ಅಂತ ಇನ್ನೂರು ಪುಟ ಬರೀತೀನಿ. ಒಳ್ಳೇದು ಮಾಡ್ದೋನು ಯಾಕೆ ಮಾಡ್ದ ಅಂತ ಒಂದಿನಾನಾದ್ರೂ ಕೇಳಿದೀನಾ?" ಎಂದರು. ನನ್ನನ್ನು ಕೇಳಿದ್ದಲ್ಲ, ಕಿಟಕಿಯನ್ನು ಕೇಳಿದ್ದು.

ಭಾನುವಾರಗಳೆಲ್ಲ ಅಮೃತೂರಿಗೆ ಹೋಗಿಬಂದು ಅವರು ಬರೆದದ್ದೇ 'ನರಸಯ್ಯನವರ ಕೈಗುಣ'. ಅಭ್ಯಾಸಬಲ ನೋಡಿ, ಅದರಲ್ಲೂ ಪ್ರತಿ ಅಧ್ಯಾಯ ಮುಗಿಯುವುದು ಯಾರೋ ಬಾಗಿಲು ತಟ್ಟುವ ಸದ್ದಿನಿಂದ. ತೆಗೆದರೆ ಹೊರಗೆ ಜ್ವರದ ಮಗು. ಮುನ್ನುಡಿಯಲ್ಲಿ, ಹಿಂದಿನ ತಪ್ಪು ನನ್ನೊಬ್ಬಳದೇ ಎಂದು ಬರೆದರು. ಅಮೃತೂರಿನ ಶಾಲೆಯ ಅಂಗಳದಲ್ಲಿ ನಿಂತು ಅದನ್ನು ಓದಿದರು. ನರಸಯ್ಯ ಡಾಕ್ಟರ ಷಾಪಿಗೆ ಮರಳಿದರು, ಜನ ಒಬ್ಬೊಬ್ಬರಾಗಿ ಮತ್ತೆ ಅವರ ಸೂಜಿಗೆ ತೋಳು ಕೊಟ್ಟರು. ಆಮೇಲೆ ಟೀಚರು ಬೆಳ್ಳಾವಿಯ ಸೂಲಗಿತ್ತಿಯನ್ನು ಬರೆದರು, ಮಾರ್ಕೋನಹಳ್ಳಿಯಲ್ಲಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯನ್ನು ಬರೆದರು. ಕೊಲೆಗಳನ್ನೂ ಬಿಡಲಿಲ್ಲ. ಆದರೆ ಯಾರ ಚಾಳಿಯನ್ನಾದರೂ ಕತೆಗೆ ತೆಗೆದುಕೊಳ್ಳುವ ಮುಂಚೆ ಅವರ ಮನೆಗೆ ಹೋಗಿ ಕೇಳಿ ಬರುತ್ತಿದ್ದರು.

ಟೀಚರು ತೀರಿಕೊಂಡು ಎರಡು ವರ್ಷವಾಯಿತು. ಲೈಬ್ರರಿಯಲ್ಲಿ ಆ ಮುನ್ನುಡಿಯನ್ನು ಮತ್ತೆ ಓದಿದೆ. 'ನನ್ನೊಬ್ಬಳದೇ' ಎಂಬ ಮಾತಿನ ಪ್ರೂಫನ್ನು ಅವತ್ತು ನೋಡಿದವನು ನಾನೇ. ಅಷ್ಟು ದೊಡ್ಡ ತಪ್ಪನ್ನು ತಿದ್ದದೆ ಬಿಟ್ಟಿದ್ದೆ. ಮನೆಗೆ ಹೋಗಲು ಮನಸ್ಸಾಗಲಿಲ್ಲ. ಕುಣಿಗಲ್ ಬಸ್ಸು ಹತ್ತಿ, ಅಲ್ಲಿಂದ ಅಮೃತೂರಿಗೆ ಹೋದೆ.

ಎಂಬತ್ತು ದಾಟಿದ ನರಸಯ್ಯ ಬಾಗಿಲ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಯಾರೆಂದು ಹೇಳಿಕೊಂಡು, ಉಸಿರು ಬಿಡದೆ ಎಲ್ಲವನ್ನೂ ಒಪ್ಪಿಸಿದೆ.

"ಗೊತ್ತು ಕಣಪ್ಪ," ಎಂದರು.

"ಟೀಚರು ಹೇಳಿದ್ರಾ?"

"ಅವ್ರು ಕೊನೇಗಂಟ್ಲೂ ಬಾಯ್ ಬುಡ್ನಿಲ್ಲ. ನಮ್ಮೂರೋರ್ಗೆ ನನ್ ಮಾತು ದಿನಾ ಕೇಳೋ ಮಾತು, ಅದ್ನ ಗುಬ್ಬಿಗಂಟ ಯಾರ್ ಹೊತ್ಕಂಡೋಯ್ತಾರೆ? ಆ ವರ್ಸ ಗುಬ್ಬಿಯಿಂದ ಬಂದು ಸೂಜಿ ಹಾಕುಸ್ಕಂಡೋನು ನೀನೊಬ್ನೇಯ. ಟೀಚರಮ್ಮನ ಕಾದಂಬ್ರಿ ಒಂದೂ ಬುಡ್ದಂಗೆ ಓದಿವ್ನಿ, ಅಷ್ಟೂ ಪತ್ತೆ ಹಚ್ಚಾಕಾಗಲ್ವಾ?"

"ಮತ್ತೆ ನನ್ನ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಒಪ್ಕತಿದ್ದೆ. ಕೇಳ್ದಲೆ ಬತ್ತೀಯೋ ಇಲ್ವೋ, ಅದೊಂದು ಪತ್ತೆ ಆಗ್ದೆ ಉಳ್ಕಂಡಿತ್ತು." ಮೊರವನ್ನು ಅತ್ತ ಸರಿಸಿ ನನಗೆ ಜಾಗ ಮಾಡಿದರು. "ಒಸಿ ತಡ ಮಾಡ್ದೆ. ಬುಡು, ಬಂದ್ಯಲ್ಲ."