ಪಡವಲಕಾಯಿಗೆ ಜೋತುಬಿದ್ದ ದೇವರು

ದಾಸಪ್ಪ ಆಡಿದ ಮಾತನ್ನು ನಾರಪ್ಪ ಇವತ್ತಿಗೂ ಮರೆತಿಲ್ಲ. ಆಡಿದ್ದು ಗುಟ್ಟಾಗಿ ಅಲ್ಲ, ಅದಿಯಮಾನ್‌ಕೋಟೆಯ ಟೀ ಅಂಗಡಿ ಮುಂದೆ, ಊರವರ ಎದುರಿಗೆ.

"ಅಣ್ಣನ ಪಡವಲಕಾಯಿ ನೋಡ್ರಲಾ, ತೊಪ್ಪೂರು ಘಾಟ್ ಇದ್ದಂಗೈತೆ! ಬಸ್ಸು ಓಡ್ಸಿ ಓಡ್ಸಿ ಕೈಗೆ ತಿರುವೇ ರೂಢಿ ಆಗೋಗೈತೆ."

ಆ ಘಾಟಿಯಲ್ಲಿ ಒಂದು ಜೀವಕ್ಕೂ ಗಾಯವಾಗದಂತೆ ಬಸ್ಸು ಇಳಿಸಿ ರಿಟೈರಾದವನು ನಾರಪ್ಪ. ಪಕ್ಕದ ತೋಟದವನು ಹೀಗಂದರೆ ರಕ್ತ ಕುದಿಯದೆ ಇರುತ್ತದೆಯೇ? ಮರ್ಯಾದೆ ಗೊತ್ತಿಲ್ಲದ ಬಾಯಿ ಅದು.

ತೊಂಬತ್ಮೂರನೇ ಇಸವಿಯಲ್ಲಿ ನಾರಪ್ಪ ಹಟ ತೊಟ್ಟ. ಚಪ್ಪರದಿಂದ ಇಳಿದ ಒಂದೊಂದು ಹೀಚಿನ ತುದಿಗೂ ಕಲ್ಲು ಕಟ್ಟಿದ. ಭಾರಕ್ಕೆ ಕಾಯಿ ನೆಟ್ಟಗೆ ಬೆಳೆಯುತ್ತದೆ. ರಿಟೈರಾದವರಿಗೆ ಕೆಲಸವೇನು ಅನ್ನುವವರು ಆ ಮನೆಗೆ ಹೋಗಿ ನೋಡಬೇಕು. ಬೆಳಗ್ಗೆ ಚಪ್ಪರ, ಮಧ್ಯಾಹ್ನ ಗುಡಿ ಜಗಲಿಯಲ್ಲಿ ಹುಲಿ-ಕುರಿ ಆಟ, ನಡುವೆ ಸಂತೆ. ಹೆಂಡತಿ ಮಾದಮ್ಮ ಇಸ್ಕೂಲು ಮಕ್ಕಳಿಗೆ ಅಡುಗೆ ಮಾಡಿ ರಿಟೈರಾದವಳು. ಯಾವ ಮನೆಯಲ್ಲಿ ಹುಡುಗಿ ಮೈನೆರೆದರೂ ಆರತಿ ಹಾಡಿಗೆ ಅವಳೇ ಬೇಕು.

ಇದರ ಮೇಲೆ ಪೊರಟಾಸಿ ತಿಂಗಳ ಶನಿವಾರದ ಪೂಜೆ ಬೇರೆ ಬಂತು. ಅವರ ಮನೆದೇವರು ನಿಂಬೆಹಣ್ಣಿನಷ್ಟು ದಪ್ಪದ ಒಂದು ನುಣ್ಣನೆ ಕಲ್ಲು. ಹಿರಿಯರು ಪಾಲಮಲೆಯಿಂದ ಇಳಿದು ಬರುವಾಗ ಮಡಿಲಲ್ಲಿ ಕಟ್ಟಿ ತಂದದ್ದು. ಅವತ್ತು ದಾಯಾದಿಗಳೆಲ್ಲ ಬಂದು ಅದಕ್ಕೇ ಕೈಮುಗಿಯಬೇಕು. ಸೋಮವಾರ ಮಾದಮ್ಮ ಹಳೇ ಅರಿಶಿನ ಹೋಗುವಂತೆ ದೇವರನ್ನು ತೊಳೆದು, ದೀಪ ಗಂಟೆಗಳ ಜೊತೆ ಬಾವಿಕಟ್ಟೆ ಮೇಲೆ ಒಣಗಲು ಇಟ್ಟಳು. ಅಷ್ಟರಲ್ಲಿ ಹಾಡಿಗೆ ಕರೆ ಬಂತು. ಒಣಗಿದ್ದನ್ನು ಬುಟ್ಟಿಗೆ ತುಂಬಿಡೆಂದು ದಾಸಪ್ಪನ ಹೆಂಡತಿ ಸಣ್ಣಕ್ಕನಿಗೆ ಹೇಳಿ ಓಡಿದಳು.

ಶುಕ್ರವಾರ ಸಂಜೆ ಬುಟ್ಟಿ ಬಿಚ್ಚಿದರೆ ದೀಪ ಇದೆ, ಗಂಟೆ ಇದೆ, ದೇವರಿಲ್ಲ! ಮಾದಮ್ಮ ಇದ್ದಲ್ಲೇ ಕುಸಿದು ಕೂತಳು. ಬೆಳಗಾದರೆ ದಾಯಾದಿಗಳಿಗೆ ಯಾವ ಮುಖ ತೋರಿಸುವುದು?

ನಾರಪ್ಪ ನೇರವಾಗಿ ಬೇಲಿಗೆ ಹೋದ. "ಲೋ ದಾಸಪ್ಪ! ನನ್ ಕಾಯಿ ಮೇಲೆ ಕಣ್ಣಾಕಿದ್ದು ಸಾಲ್ದು ಅಂತ ದೇವ್ರಿಗೂ ಕೈ ಆಕ್ದಾ?"

"ನಿನ್ ದೇವ್ರು ನಂಗ್ಯಾಕಣ್ಣ? ನಮ್ಮನೆ ದೇವ್ರ ದೀಪುಕ್ಕೇ ಎಣ್ಣೆ ಸಾಲ್ತಿಲ್ಲ."

"ನಾ ಕಂಡಿದ್ದೆಲ್ಲ ತುಂಬಿಟ್ಟೆ ಭಾವ, ದೇವ್ರು ಅಲ್ಲಿರ್ಲೇ ಇಲ್ಲ," ಅಂತ ಸಣ್ಣಕ್ಕ ಅಳು ತೆಗೆದಳು. ನಾರಪ್ಪ ಕೇಳಲಿಲ್ಲ. ಬಾಯಿಗೆ ಬಂದದ್ದೆಲ್ಲ ಬೈದು ಬಂದ.

ಶನಿವಾರ ಬೆಳಕು ಹರಿಯುತ್ತಲೇ ಮಾದಮ್ಮ ಪೂಜೆಯ ಅಡುಗೆಗೆ ಕಾಯಿ ಕೊಯ್ಯಲು ಚಪ್ಪರದಡಿ ಹೋದವಳು ಕೂಗಿಕೊಂಡಳು. "ಏನಯ್ಯಾ, ಬಾ ಇಲ್ಲಿ! ಇದ್ನ ಕಟ್ಟಿದ್ಯಾರು?"

ಎಲ್ಲಕ್ಕಿಂತ ಉದ್ದನೆಯ ಪಡವಲಕಾಯಿಯ ತುದಿಯಲ್ಲಿ, ನಾರಿನ ಕುಣಿಕೆಯೊಳಗೆ ಕರೀ ಕಲ್ಲು ತೂಗುತ್ತಿತ್ತು. ನಡುವಿಗೆ ಜನಿವಾರದಂತೆ ಬಿಳೀ ಗೆರೆ. ವರ್ಷ ವರ್ಷ ಮೈ ತೊಳೆದವಳಿಗೆ ಗುರುತು ಸಿಗದೆ ಇದ್ದೀತೇ?

"ಬಾವಿಕಟ್ಟೆ ಮೇಲಿತ್ತು... ತೂಕ ಸರಿಯಾಗೈತೆ ಅಂತ..." ನಾರಪ್ಪನ ದನಿ ಇಳಿಯಿತು. ಡ್ಯೂಟಿಯಲ್ಲಿದ್ದಷ್ಟು ವರ್ಷವೂ ಪೊರಟಾಸಿ ಶನಿವಾರ ಅವನು ಬಸ್ಸಿನಲ್ಲೇ. ಮನೆಗೆ ಬರುವ ಹೊತ್ತಿಗೆ ದೇವರು ಅರಿಶಿನ ಕುಂಕುಮದಲ್ಲಿ ಮುಳುಗಿರುತ್ತಿದ್ದ. ಬರೀ ಮೈಯ ದೇವರನ್ನು ಅವನು ಕಂಡವನೇ ಅಲ್ಲ.

"ವಾರ ಪೂರ್ತಿ ಸಾಮಿನ ಉಯ್ಯಾಲೆ ಆಡ್ಸಿದ್ಯಲ್ಲಯ್ಯಾ!" ಮಾದಮ್ಮ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಬ್ರೇಕು ಹಿಡಿಯದ ಬಸ್ಸು ಕೊನೆಯ ತಿರುವು ದಾಟಿ ಸಮನೆಲಕ್ಕೆ ಬಂದು ನಿಂತಾಗ ಬಿಡುವ ಉಸಿರನ್ನು ನಾರಪ್ಪ ಬಿಟ್ಟ.

ಆಮೇಲೆ ಅವಳು ಮೆಲ್ಲಗೆ ಅಂದಳು: "ದೇವ್ರು ಸಿಕ್ಕಿದ್ರೆ ನಿನ್ ಮೀಸೆ ಪಾಲಮಲೇಲಿ ಒಪ್ಪಿಸ್ತೀನಿ ಅಂತ ನಿನ್ನೆ ಅರಕೆ ಒತ್ತಿವ್ನಿ."

"ಯಾಕೆ, ನಿನ್ ಜಡೆ ಇರ್ಲಿಲ್ವಾ?"

"ತಪ್ಪು ಯಾರ್ದು ಅಂತ ನಂಗೆ ಗೊತ್ತಿರ್ಲಿಲ್ಲ. ದೇವ್ರಿಗೆ ಗೊತ್ತಿತ್ತು ನೋಡು, ತಕ್ಷಣ ಒಪ್ಕಂಡ."

ಮಾದಮ್ಮ ನಡೆದದ್ದನ್ನು ಹೇಳಿ, ಪೂಜೆಯ ಊಟಕ್ಕೆ ದಾಸಪ್ಪನನ್ನೂ ಸಣ್ಣಕ್ಕನನ್ನೂ ಕೈಹಿಡಿದು ಕರೆತಂದಳು. ಬೈದದ್ದಕ್ಕೆ ತಪ್ಪಾಯಿತು ಅನ್ನುವ ಬದಲು ನಾರಪ್ಪ ದಾಸಪ್ಪನ ಎಲೆಗೆ ಎರಡನೇ ಸಲ ಪಲ್ಯ ಬಡಿಸಿದ.

"ಈ ಸಲ ಕಾಯಿ ನೆಟ್ಟಗೈತಣ್ಣ," ಅಂದ ದಾಸಪ್ಪ ಉಣ್ಣುತ್ತ. "ಅದುಕ್ಕೆ ದೇವ್ರೇ ಜೋತಾಡ್ಬೇಕಾಯ್ತು."

ಮನೆಯೆಲ್ಲ ನಕ್ಕಿತು. ನಾರಪ್ಪನೂ ನಕ್ಕ. ಹಾಗಂತ ಟೀ ಅಂಗಡಿಯ ಮಾತು ಮರೆತನೆಂದಲ್ಲ.

ಹರಕೆ? ಮೊದಲು ಮಳೆ ನಿಲ್ಲಲಿ ಅಂದ, ಆಮೇಲೆ ಚಳಿ ಹೋಗಲಿ ಅಂದ. ಈಗಲೂ ಪೊರಟಾಸಿ ಬಂದಾಗ ಮಾದಮ್ಮ ದೇವರ ಮೈ ತೊಳೆದು, ಮೊದಲು ಗಂಡನ ಮುಂದೆ ಹಿಡಿದು, "ಸರಿಯಾಗಿ ಗುರುತಿಟ್ಕೋ" ಅನ್ನುತ್ತಾಳೆ. ಮಾತು ತನಗೋ ದೇವರಿಗೋ ಅಂತ ಅವನು ಕೇಳುವುದಿಲ್ಲ. ಪಾಲಮಲೆಗೆ ಸೇರಬೇಕಾದ ಮೀಸೆ ಅವನ ಮುಖದ ಮೇಲೇ ನರೆತು ಬೆಳ್ಳಗಾಗಿದೆ.