ಕಿವಿ ಮೇಲಿನ ಅರ್ಧ ಬೀಡಿ

ಬೀಡಿ ಸೇದಬೇಕೆಂದರೆ ಬೋರಲಿಂಗಯ್ಯ ಮನೆಯಿಂದ ಇನ್ನೂರು ಹೆಜ್ಜೆ ಆಚೆ, ಹಾಳುಬಾವಿಯ ಕಟ್ಟೆಗೆ ಹೋಗುತ್ತಿದ್ದ. ಸೇದಿ ಮುಗಿಸಿ, ಬಾಯಿ ಮುಕ್ಕಳಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಅಂಗಿ ಬದಲಿಸಿದ ಮೇಲೆಯೇ ಹುಳದ ಮನೆಯ ಹತ್ತಿರ ಬರುತ್ತಿದ್ದ. ಈ ಕಟ್ಟಲೆ ಮಾಡಿದವಳು ಅವನ ಹೆಂಡತಿ ಮುನಿರತ್ನಮ್ಮ. ಮರಳವಾಡಿ ಸುತ್ತಮುತ್ತ ರೇಷ್ಮೆ ಹುಳು ಸಾಕುವ ಎಲ್ಲ ಮನೆಗಳಲ್ಲೂ ಇಂಥದ್ದೊಂದು ಕಟ್ಟಲೆ ಇರುತ್ತದೆ. ಹೊಗೆಸೊಪ್ಪಿನ ನಂಜನ್ನು ಆ ಹುಳುಗಳು ತಡೆಯುವುದಿಲ್ಲ. ಬೀಡಿ ಹಿಡಿದ ಕೈಯಲ್ಲಿ ಮುಟ್ಟಿದ ಸೊಪ್ಪನ್ನು ತಿಂದರೂ ಮರಿ ಹುಳು ತಲೆ ಮೇಲೆತ್ತಿ, ಹಸಿರು ಕಕ್ಕಿ, ಸುರುಟಿಕೊಂಡು ಸಾಯುತ್ತದೆ.

ಬೋರಲಿಂಗಯ್ಯ ಹದಿನಾಲ್ಕನೇ ವಯಸ್ಸಿನಲ್ಲಿ ಎಮ್ಮೆ ಕಾಯುವಾಗ ಬೀಡಿ ಕಲಿತವನು. ಐವತ್ತು ದಾಟುವ ಹೊತ್ತಿಗೆ ದಿನಕ್ಕೆ ಎರಡು ಕಟ್ಟು ಬೇಕಾಗುತ್ತಿತ್ತು. ಒಂದೇ ಸಲಕ್ಕೆ ಪೂರ್ತಿ ಸೇದುವ ಅಭ್ಯಾಸ ಅವನಿಗಿರಲಿಲ್ಲ. ಅರ್ಧ ಸೇದಿ, ಕಲ್ಲಿಗೆ ಒತ್ತಿ ಆರಿಸಿ, ಉಳಿದದ್ದನ್ನು ಬಲಗಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದ. ಹುಳದ ಮನೆಗೆ ಬರುವ ಮುಂಚೆ ಅದನ್ನು ಬಾವಿಕಟ್ಟೆಯ ಸಂದಿಯಲ್ಲಿ ಇಟ್ಟು ಬರುತ್ತಿದ್ದ. ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ತಪ್ಪಿದ್ದು ೨೦೦೯ರ ಆಷಾಢದಲ್ಲಿ. ಮುನಿರತ್ನಮ್ಮ ಅಕ್ಕನ ಮೊಮ್ಮಗುವನ್ನು ನೋಡಲೆಂದು ದೊಡ್ಡಆಲಹಳ್ಳಿಗೆ ಹೋಗಿದ್ದಳು. ಹುಳುಗಳು ಎರಡನೇ ಜ್ವರ ಮುಗಿಸಿ, ಹಳೆಯ ಚರ್ಮ ಕಳಚಿ, ಹಸಿದು ಎದ್ದಿದ್ದವು. ಮೂಡಣದಲ್ಲಿ ಮೋಡ ಕಟ್ಟಿತ್ತು. ಸೊಪ್ಪು ನೆನೆದರೆ ಹುಳುವಿಗೆ ಹಾಕುವಂತಿಲ್ಲ. ಬೋರಲಿಂಗಯ್ಯ ಹಿಪ್ಪುನೇರಳೆ ತೋಟಕ್ಕೆ ಓಡಿದ. ಸೊಪ್ಪು ಬಿಡಿಸುತ್ತಲೇ ಬೀಡಿ ಹಚ್ಚಿದ. ಮೊದಲ ಹನಿ ಬಿದ್ದಾಗ ಅರ್ಧ ಆರಿಸಿ ಕಿವಿಗೆ ಸಿಕ್ಕಿಸಿ, ಸೊಪ್ಪಿನ ಮಂಕರಿ ತಲೆಯ ಮೇಲೆ ಹೊತ್ತು ಓಡಿ ಬಂದ. ಬಾವಿಕಟ್ಟೆಗೆ ಹೋಗಲಿಲ್ಲ. ಕೈಯನ್ನೇನೋ ತೊಳೆದ. ಹಲಗೆಯ ಮೇಲೆ ಸೊಪ್ಪು ಒಟ್ಟಿ, ತಲೆ ಬಗ್ಗಿಸಿ ಸಣ್ಣಗೆ ಹೆಚ್ಚಿ ಕೊಟ್ಟ. ಅದನ್ನು ತಟ್ಟೆಗಳಿಗೆ ಹರಡಿದವಳು ಕೆಲಸದ ಮಾರಕ್ಕ.

ಸಂಜೆ ಬಾವಿಕಟ್ಟೆಯ ಮೇಲೆ ಕುಳಿತು ಕಿವಿಗೆ ಕೈ ಹಾಕಿದರೆ ಬೀಡಿ ಇರಲಿಲ್ಲ. ಮಳೆಯಲ್ಲಿ ಓಡುವಾಗ ಬಿದ್ದಿರಬೇಕು ಎಂದುಕೊಂಡು ಹೊಸದೊಂದನ್ನು ಹಚ್ಚಿದ.

ಮಾರನೆಯ ದಿನ ತಟ್ಟೆಗಳ ಮೇಲೆ ಹುಳುಗಳೆಲ್ಲ ತಲೆ ಎತ್ತಿ ನಿಂತಿದ್ದವು. ಬಾಯಲ್ಲಿ ಹಸಿರು ನೀರು. ಊರಿಂದ ಬಂದ ಮುನಿರತ್ನಮ್ಮ ಬಾಗಿಲಲ್ಲೇ ಕುಸಿದಳು. ರೇಷ್ಮೆ ಇಲಾಖೆಯ ಸಾಹೇಬರು ಬಂದು ಚಿಮಟದಲ್ಲಿ ಸೊಪ್ಪಿನ ಚೂರು ಎತ್ತಿ ನೋಡಿದರು. ಅದರಲ್ಲಿ ಕಂದು ಬಣ್ಣದ ಪುಡಿ ಅಂಟಿತ್ತು.

"ಹೊಗೆಸೊಪ್ಪು," ಎಂದರು ಸಾಹೇಬರು. "ಒಳಗೆ ಕೆಲಸ ಮಾಡೋರು ಯಾರಾದ್ರೂ ಹಾಕ್ಕೋತಾರಾ?"

ಎಲ್ಲರೂ ಮಾರಕ್ಕನ ಕಡೆ ತಿರುಗಿದರು. ಹದಿನೆಂಟು ವರ್ಷದಿಂದ ಈ ಮನೆಯ ಹುಳದ ಕೆಲಸಕ್ಕೆ ಬರುತ್ತಿದ್ದ ಮಾರಕ್ಕನ ದವಡೆಯಲ್ಲಿ ಸದಾ ಒಂದು ಚಿಟಿಕೆ ಹೊಗೆಸೊಪ್ಪಿನ ಕಡ್ಡಿಪುಡಿ ಇರುತ್ತಿದ್ದುದು ಊರಿಗೇ ಗೊತ್ತು. ಒಳಗೆ ಬರುವ ಮುಂಚೆ ಅವಳು ಉಗಿದು, ಬಾಯಿ ತೊಳೆದು, ಚೀಲವನ್ನು ಕಾಂಪೌಂಡಿನ ಕಲ್ಲಿನಡಿ ಇಟ್ಟು ಬರುತ್ತಿದ್ದುದೂ ಆ ಮನೆಯವರಿಗೆ ಗೊತ್ತಿತ್ತು.

"ದೇವ್ರಾಣೆ ನಾನಲ್ಲ ಕಣಕ್ಕ," ಎಂದಳು ಮಾರಕ್ಕ. "ಚೀಲ ಒಳೀಕೆ ತಂದೋಳೇ ಅಲ್ಲ ನಾನು."

"ನೀನಲ್ದೆ ಇನ್ಯಾರು ಹಾಕ್ಕತಾರೆ ಈ ಮನೇಲಿ? ಅವ್ರು ಬೀಡಿ ಸೇದೋದು ಬಾವಿತಾವ. ಸೆರಗಿಂದ ಉದುರೈತೆ ಕಣೆ, ನಿಂಗೇ ಗೊತ್ತಾಗಿಲ್ಲ," ಎಂದು ಮುನಿರತ್ನಮ್ಮ ಅತ್ತಳು. "ನಾಳಿಂದ ಬರ್ಬ್ಯಾಡ ಕಣಮ್ಮ, ನಿನ್ನ ದಮ್ಮಯ್ಯ."

ಬೋರಲಿಂಗಯ್ಯ ಗೋಡೆಗೆ ಒರಗಿ ನಿಂತಿದ್ದ. ಕಂದು ಪುಡಿ ಕಂಡ ಕ್ಷಣವೇ ಅವನ ಕೈ ಬಲಗಿವಿಗೆ ಹೋಗಿತ್ತು. ಹೇಳಬೇಕು ಎಂದು ಬಾಯಿ ತೆರೆದ. ಅಷ್ಟರಲ್ಲಿ ಮಾರಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಅದೇ ಮಧ್ಯಾಹ್ನ ಅವನು ಜೇಬಿನಲ್ಲಿದ್ದ ಕಟ್ಟನ್ನು ಒಲೆಗೆ ಹಾಕಿದ. ಹೆಂಡತಿ ಕೇಳಿದ್ದಕ್ಕೆ, "ಇನ್ಮ್ಯಾಲೆ ಸೇದಾಕಿಲ್ಲ," ಎಂದಷ್ಟೇ ಹೇಳಿದ. ತಪ್ಪಿಗೆ ತಾನೇ ದಂಡ ಕಟ್ಟಿಕೊಂಡರೆ ಲೆಕ್ಕ ಸರಿಹೋಗುತ್ತದೆ ಎಂಬ ಎಣಿಕೆ ಅವನದು.

ಆ ದಂಡ ಸುಲಭದ್ದಾಗಿರಲಿಲ್ಲ. ಮೊದಲ ವಾರ ಬಾಯಿ ತುಂಬ ಎಂಜಲು, ಬೆರಳ ತುದಿಯಲ್ಲಿ ನಡುಕ. ಕೆಮ್ಮು ಕಡಿಮೆಯಾಗುವ ಬದಲು ಜಾಸ್ತಿಯಾಗಿ ಕಫ ಕಿತ್ತು ಬರುತ್ತಿತ್ತು. ಬೆಳಗ್ಗೆ ಒಂದು ಬೀಡಿ ಸೇದದಿದ್ದರೆ ಬಯಲಿಗೂ ಹೋಗಲಾಗದ ದೇಹ ಅದು. ಲವಂಗ ಅಗಿದ, ಜೀರಿಗೆ ಅಗಿದ, ಕೊನೆಗೆ ಹುಣಿಸೆಬೀಜ ಹುರಿಸಿಕೊಂಡು ಜೇಬಿನಲ್ಲಿ ಇಟ್ಟುಕೊಂಡ. ಹಸುವಿಗೆ ಬೈದ, ನಲ್ಲಿಗೆ ಬೈದ, ಉಪ್ಪು ಸರಿಯಾಗಿದ್ದ ಸಾರಿಗೂ ಬೈದ.

ಇವೆಲ್ಲಕ್ಕಿಂತ ಕಷ್ಟವಾದದ್ದು ಊರಿನ ಹೊಗಳಿಕೆ. "ಬೆಳೆ ಹೋದ ಸಂಕ್ಟಕ್ಕೆ ಬೀಡಿನೇ ಬುಟ್ಬುಟ್ಟ ಕಣ್ಲಾ, ಗಂಡಸು ಅಂದ್ರೆ ಅವನು," ಎಂದು ಅರಳಿಕಟ್ಟೆಯಲ್ಲಿ ಮಾತಾಡಿಕೊಂಡರು. ಸ್ತ್ರೀಶಕ್ತಿ ಸಂಘದ ಹೆಂಗಸರು ತಮ್ಮ ಗಂಡಂದಿರಿಗೆ ಅವನನ್ನು ತೋರಿಸಿ ಬೈಯತೊಡಗಿದರು. ಯಾರಾದರೂ ಹೀಗೆ ಹೊಗಳಿದ ಕೂಡಲೇ ಅವನಿಗೆ ಒಂದು ದಮ್ಮು ಎಳೆಯಬೇಕೆನಿಸುತ್ತಿತ್ತು. ಯಾಕೆ ಹಾಗೆ ಎಂದು ಅವನಿಗೇ ತಿಳಿಯುತ್ತಿರಲಿಲ್ಲ.

ಮುಂದಿನ ಬೆಳೆ ಚೆನ್ನಾಗಿ ಬಂತು. ಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸಿದವನು ತಾಜ್ ಪಾಷಾ. ಅವನ ಟೆಂಪೋದಲ್ಲಿ ಇಬ್ಬರೂ ಇಪ್ಪತ್ತು ವರ್ಷ ಒಂದೇ ಬೆಂಕಿಕಡ್ಡಿಯಲ್ಲಿ ಬೀಡಿ ಹಚ್ಚಿಕೊಂಡವರು. ಹರಾಜು ಮುಗಿಯುವುದನ್ನು ಕಾಯುತ್ತ ಕುಳಿತಿದ್ದಾಗ ತಾಜ್ ಪಾಷಾ ಒಂದು ಬೀಡಿ ಹಚ್ಚಿ, ಇನ್ನೊಂದನ್ನು ಮುಂದೆ ಚಾಚಿದ.

"ತಗೋಳ್ಲಾ ಬೋರಾ. ಮೂರು ತಿಂಗ್ಳಾಯ್ತಲ್ಲ, ವನವಾಸ ಸಾಕು."

"ಬ್ಯಾಡ ಕಣ್ಲಾ."

"ಅರೆ, ಇಲ್ಲಿ ನಿನ್ನ ಹೆಂಡ್ರೂ ಇಲ್ಲ, ಹುಳಾನೂ ಇಲ್ಲ. ಗೂಡು ಆಗೋಗೈತೆ. ಗೂಡಿಗೇನು ಮೂಗೈತಾ?"

ಬೋರಲಿಂಗಯ್ಯನಿಗೆ ನಗು ಬಂತು. ಕೈಯೂ ಮುಂದೆ ಹೋಯಿತು. ಬೀಡಿಯನ್ನು ತೆಗೆದುಕೊಂಡು, ಮೂಸಿ, ಬೆರಳಲ್ಲಿ ಉರುಳಿಸಿ, ವಾಪಸ್ಸು ಅವನ ಜೇಬಿಗೆ ಹಾಕಿದ. ಆಮೇಲೆ ಟೆಂಪೋದಿಂದ ಇಳಿದು, ಬಿಸಿಲಲ್ಲಿ ಮಾರುಕಟ್ಟೆಯ ಸುತ್ತ ಎರಡು ಸಲ ನಡೆದ. ಬೆನ್ನೆಲ್ಲ ಬೆವರಿತ್ತು.

ಇತ್ತ ಮಾರಕ್ಕನನ್ನು ಸುತ್ತಿನ ಯಾವ ಹುಳದ ಮನೆಯವರೂ ಕರೆಯಲಿಲ್ಲ. ಅವಳು ಕಾಲಿಟ್ಟರೆ ಬೆಳೆ ಕೆಡುತ್ತದೆ ಎಂಬ ಮಾತು ಹಬ್ಬಿತ್ತು. ಎರಡು ತಿಂಗಳು ಕಳೆ ಕೀಳಲು ಹೋಗಿ, ಆಮೇಲೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ಬೆಳಗ್ಗೆ ಏಳಕ್ಕೆ ಊರ ಮುಂದೆ ವ್ಯಾನು ಬರುತ್ತಿತ್ತು. ಬೋರಲಿಂಗಯ್ಯ ಆ ಹೊತ್ತಿಗೆ ಆ ಕಡೆ ಹೋಗುವುದನ್ನೇ ಬಿಟ್ಟಿದ್ದ.

ಆದರೂ ಕಾರ್ತಿಕದ ಒಂದು ಭಾನುವಾರ ರೇಷನ್ ಅಂಗಡಿಯ ಮುಂದೆ ಅವಳು ಎದುರಿಗೇ ಸಿಕ್ಕಳು. ಮುಖ ಒಣಗಿತ್ತು.

"ಚೆಂದಾಗಿದ್ದೀರಾ ಬೋರಣ್ಣ?"

"ಊಂ ಕಣಕ್ಕ. ನೀನು?"

"ನಾನೂ ಹೊಗೆಸೊಪ್ಪು ಬುಟ್ಬುಟ್ಟೆ ಕಣಣ್ಣ. ಇವತ್ತಿಗೆ ಹನ್ನೊಂದು ದಿನ."

ಬೋರಲಿಂಗಯ್ಯ ಅಕ್ಕಿ ಚೀಲವನ್ನು ನೆಲಕ್ಕೆ ಇಳಿಸಿದ.

"ಮೊದಮೊದ್ಲು ನಾನಲ್ಲ ನಾನಲ್ಲ ಅಂತಿದ್ದೆ. ಯೋಚ್ನೆ ಮಾಡ್ತಾ ಮಾಡ್ತಾ, ಸೆರಗಲ್ಲಿ ಒಸಿ ಅಂಟ್ಕಂಡಿತ್ತೇನೋ ಅನ್ನಿಸ್ತು. ಎಷ್ಟು ಸಾವ್ರ ಜೀವ ಅಣ್ಣ, ತಲೆ ಎತ್ಕಂಡು ನಿಂತಿದ್ವಲ್ಲ, ಕಣ್ಮುಂದೇನೇ ಬತ್ತವೆ. ತಪ್ಪು ನಂದು. ನೀವು ನೋಡಿದ್ರೆ ನಿಮ್ದಲ್ದೆ ಇರೋ ತಪ್ಪಿಗೆ ಬೀಡಿ ಬುಟ್ರಿ. ತಪ್ಪು ಮಾಡಿದ ನಾನು ಹಾಕ್ಕತಾ ಕುಂತಿದ್ರೆ ದೇವ್ರು ಮೆಚ್ತಾನಾ?" ಅವಳು ದವಡೆ ಉಜ್ಜಿಕೊಂಡಳು. "ತಲೆ ಒಡೆದೋಗ್ತದೆ ಕಣಣ್ಣ. ನೀವೆಂಗೆ ತಡ್ಕಂಡ್ರಿ?"

ಅವನು ಏನೋ ಗೊಣಗಿ ಅಕ್ಕಿ ಚೀಲ ಎತ್ತಿಕೊಂಡು ಹೊರಟ. ದಾರಿಯಲ್ಲಿ ಪೆಟ್ಟಿಗೆ ಅಂಗಡಿಯ ಮುಂದೆ ನಿಂತ. ಒಂದು ಕಟ್ಟು ಬೀಡಿ, ಒಂದು ಬೆಂಕಿಪೊಟ್ಟಣ ಕೇಳಿ ತೆಗೆದುಕೊಂಡ. ಬಾಯಿ ಕೇಳಿತು, ಕೈ ತೆಗೆದುಕೊಂಡಿತು, ತನಗೆ ಏನೂ ತಿಳಿಯಲಿಲ್ಲ ಎಂದು ಆಮೇಲೆ ಅವನೇ ಹೇಳುತ್ತಿದ್ದ.

ತೋಟದ ಬದುವಿನ ಮೇಲೆ ಕುಳಿತು ಒಂದು ಬೀಡಿಯನ್ನು ತುಟಿಗಿಟ್ಟ. ಕಡ್ಡಿ ಗೀರಿದ. ಉರಿ ಬೆರಳಿಗೆ ಬರುವವರೆಗೂ ಹಿಡಿದುಕೊಂಡೇ ಇದ್ದ. ಎರಡನೆಯದನ್ನು ಗೀರಿದ. ಇದನ್ನು ಈಗ ಹಚ್ಚಿದರೆ, ಮಾರಕ್ಕ ಹನ್ನೊಂದು ದಿನದಿಂದ ತಲೆ ಹಿಡಿದುಕೊಂಡು ಕುಳಿತಿರುವುದು ಯಾತಕ್ಕೆ? ಹಚ್ಚದಿದ್ದರೂ ಅವಳ ತಲೆ ಮೇಲಿನ ಭಾರ ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ. ನಾಲ್ಕು ತಿಂಗಳು ತಾನು ಕಟ್ಟಿದ ದಂಡ ಅವಳಿಗೆ ಮುಟ್ಟಿಯೇ ಇಲ್ಲ. ಅದರ ಬದಲು ಊರು ತನ್ನನ್ನು ಹೊಗಳಿತು, ಆ ಹೊಗಳಿಕೆ ಕೇಳಿ ಅವಳು ಇನ್ನಷ್ಟು ಕುಗ್ಗಿದಳು. ಎರಡನೆಯ ಕಡ್ಡಿಯೂ ಆರಿತು. ಬೀಡಿ ತುಟಿಯಲ್ಲಿ ಒದ್ದೆಯಾಗಿತ್ತು. ಅದನ್ನು ಉಗಿದು, ಉಳಿದ ಕಟ್ಟನ್ನು ಚರಂಡಿಯ ಕೆಸರಿಗೆ ತುಳಿದು ಎದ್ದ.

ಸೋಮವಾರ ಏಳಕ್ಕೆ ಮುಂಚೆ ವ್ಯಾನು ನಿಲ್ಲುವ ಜಾಗಕ್ಕೆ ಹೋದ. ಐದಾರು ಹೆಂಗಸರು ಊಟದ ಡಬ್ಬಿ ಹಿಡಿದು ನಿಂತಿದ್ದರು. ಮಾರಕ್ಕನನ್ನು ಪಕ್ಕಕ್ಕೆ ಕರೆಯಬೇಕೆಂದುಕೊಂಡಿದ್ದ. ಪಕ್ಕಕ್ಕೆ ಕರೆದರೆ ಧೈರ್ಯ ಅಲ್ಲಿಗೆ ಹೋಗುವಷ್ಟರಲ್ಲೇ ಸೋರಿಹೋಗುತ್ತದೆ ಎನಿಸಿ ಎಲ್ಲರ ಮುಂದೆಯೇ ಹೇಳಿದ.

"ಮಾರಕ್ಕ, ಅವತ್ತು ಹುಳ ಸತ್ತಿದ್ದು ನಿನ್ನಿಂದ ಅಲ್ಲ. ನನ್ನ ಕಿವಿ ಮ್ಯಾಲಿದ್ದ ಅರ್ಧ ಬೀಡಿ ಸೊಪ್ಪಿನೊಳೀಕೆ ಬಿದ್ದು, ನಾನೇ ಹೆಚ್ಚಿ ಕೊಟ್ಟೆ. ಅವತ್ತೇ ಗೊತ್ತಿತ್ತು ನಂಗೆ."

ಮಾರಕ್ಕ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

"ಅವತ್ತೇ ಗೊತ್ತಿತ್ತಾ?"

"ಊಂ."

"ನಾನು ದೇವ್ರಾಣೆ ಇಕ್ತಾ ಇದ್ದಾಗ?"

"ಊಂ ಕಣಕ್ಕ."

"ಥೂ ನಿನ್ನ." ಹದಿನೆಂಟು ವರ್ಷದಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಹದಿನೆಂಟು ವರ್ಸ ನಿನ್ನ ಹುಳಾನ ನನ್ನ ಮಕ್ಳಂಗೆ ನೋಡ್ಕಂಡ್ನಲ್ಲೋ. ನನ್ನ ಮೊಕ ನೋಡ್ಕಂಡು ಎಂಗ್ ಸುಮ್ಕೆ ನಿಂತಿದ್ದೆ ನೀನು?"

ಮಾರಕ್ಕ ಪಕ್ಕದಲ್ಲಿದ್ದ, ಜೊತೆಗೇ ಕೆಲಸಕ್ಕೆ ಹೋಗುವ ದಿಲ್ಶಾದ್ ಕಡೆ ಕೈ ಚಾಚಿದಳು. "ಅಮ್ಮಣ್ಣಿ, ಒಸಿ ಕೊಡವ್ವ ನಿನ್ನ ಚೀಲ."

"ಬುಟ್ಟಿದ್ದೀನಿ ಅಂದ್ಯಲ್ಲಕ್ಕ," ಎಂದಳು ದಿಲ್ಶಾದ್.

"ಇವನ ಪಾಪಕ್ಕೆ ನಾನ್ಯಾಕೆ ಬುಡ್ಲಿ? ಕೊಡು ಇತ್ಲಾಗೆ."

ಒಂದು ದೊಡ್ಡ ಚಿಟಿಕೆ ತೆಗೆದು, ಸುಣ್ಣ ಹಚ್ಚಿ ಉಜ್ಜಿ, ಅವನನ್ನೇ ನೋಡುತ್ತ ದವಡೆಗೆ ಇಟ್ಟುಕೊಂಡಳು. ಅದರ ಘಾಟು ಅವನ ಮೂಗಿಗೆ ಬಡಿಯಿತು. ವ್ಯಾನು ಬಂತು, ಹೋಯಿತು. ಬೇಡ ಕಣಕ್ಕ, ಬಿಟ್ಟದ್ದು ಬಿಟ್ಟಂತೆ ಇರಲಿ ಎಂದು ಹೇಳಲು ತನಗೆ ಯಾವ ಬಾಯಿ ಇದೆ ಎಂದು ಅವನು ಅಲ್ಲೇ ನಿಂತಿದ್ದ.

ಮನೆಗೆ ಬಂದು ಹೆಂಡತಿಗೂ ಹೇಳಿದ. ಮುನಿರತ್ನಮ್ಮ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಬಿಸಿಲಿಗೆ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು.

"ನನ್ನ ಬಾಯಲ್ಲಿ ಅವಳನ್ನ ಬೈಸಿದ್ರಲ್ಲ."

"ತಪ್ಪಾಯ್ತು ಕಣೆ."

"ಇವತ್ತು ಯಾಕೆ ಬಾಯ್ಬುಟ್ರಿ?"

"ಹೇಳ್ಬುಟ್ರೆ ಬೀಡಿ ಆಸೆ ಹೋಯ್ತದೆ ಅಂದ್ಕಂಡಿದ್ದೆ."

"ಹೋಯ್ತಾ?"

"ಇಲ್ಲ. ಈಗ್ಲೂ ಒಂದು ಸೇದ್ಬೇಕು ಅನ್ನಿಸ್ತಾ ಐತೆ."

"ಅನ್ನಿಸ್ಲಿ," ಎಂದು ಅವಳು ಚಂದ್ರಿಕೆ ಎತ್ತಿಕೊಂಡು ಒಳಗೆ ಹೋದಳು. ಆ ಸಂಜೆಯೇ ಮಾರಕ್ಕನ ಮನೆಗೆ ಹೋಗಿ ಕೈ ಹಿಡಿದು ಅತ್ತಳು. ಹುಳು ಸಾಕುವ ಪ್ರತಿ ಮನೆಗೂ ಹೋಗಿ ನಡೆದದ್ದನ್ನು ತಾನೇ ಹೇಳಿ ಬಂದಳು. ಮಾರಕ್ಕ ಮಾತ್ರ ವಾಪಸ್ಸು ಬರಲಿಲ್ಲ. ಫ್ಯಾಕ್ಟರಿಯಲ್ಲಿ ಕಸ ಗುಡಿಸಿದರೂ ಸರಿ, ಆ ಬಾಗಿಲು ಮೆಟ್ಟುವುದಿಲ್ಲ ಎಂದಳಂತೆ.

ವಾರದೊಳಗೆ ಊರಿನ ಹೊಗಳಿಕೆಯೆಲ್ಲ ತಿರುವುಮುರುವಾಯಿತು. ಬೋರಲಿಂಗಯ್ಯ ಟೀ ಅಂಗಡಿಗೆ ಹೋದಾಗ ಬೆಂಚಿನಲ್ಲಿದ್ದ ಕೆಂಪಯ್ಯ ಕಾಲು ಅಲ್ಲಾಡಿಸುತ್ತ ಕೇಳಿದ.

"ಏನ್ಲಾ ಬೋರಾ, ಹುಳಕ್ಕೆ ಬೀಡಿ ಸೇದಕ್ಕೆ ಕಲಿಸ್ದೆಯಂತೆ?"

ಎಲ್ಲರೂ ನಕ್ಕರು.

"ತಗೋಳ್ಲಾ," ಎಂದು ಕೆಂಪಯ್ಯ ಹಚ್ಚಿದ ಬೀಡಿಯನ್ನೇ ಅವನ ಮುಂದೆ ಹಿಡಿದ. "ಇನ್ಯಾರ ಮುಂದೆ ನಾಟ್ಕ? ಗುಟ್ಟೆಲ್ಲ ಬಯಲಾಯ್ತಲ್ಲ, ಸೇದು."

ಈ ಮಾತಿನಲ್ಲಿ ಸುಳ್ಳಿರಲಿಲ್ಲ. ಈಗ ಅವನು ಬೀಡಿ ಬಿಟ್ಟಿರುವುದಕ್ಕೆ ಮೆಚ್ಚುವವರು ಯಾರೂ ಇರಲಿಲ್ಲ, ಹಿಡಿದರೆ ಕೇಳುವವರೂ ಇರಲಿಲ್ಲ. ಹೊಗೆ ಅವನ ಮುಖದ ಮೇಲೆಯೇ ಹಾದು ಹೋಯಿತು. ಗಂಟಲು ತಾನಾಗಿಯೇ ಅದನ್ನು ಎಳೆದುಕೊಳ್ಳಲು ನೋಡಿತು. ಎದ್ದು ಹೋಗಬಹುದಿತ್ತು. ಹೋದರೆ ನಾಳೆಯೂ ಬರಲಾಗುವುದಿಲ್ಲ ಎಂದು ಅವನು ಕೆಂಪಯ್ಯನ ಪಕ್ಕದಲ್ಲೇ ಜಾಗ ಮಾಡಿಕೊಂಡು ಕುಳಿತ.

"ನಂಗೆ ಟೀ ಸಾಕು ಕಣ್ಲಾ," ಎಂದ.

ಟೀ ಬರುವುದು ತಡವಾಯಿತು. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕಾಯುತ್ತ ಕುಳಿತಿದ್ದ.